ಬಾಡಿಗೆ ಕಾರಿಗೆ ನಿಂಬೆಹಣ್ಣು

ರೀ,

ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ ನಾನು, ಈಗಲೂ ಬಾಯಿಗೆ ಬರುವುದು ಇಷ್ಟೇ. ಮೊನ್ನೆ ಅಡುಗೆಮನೆಯಿಂದ ಹೀಗೇ ಕೂಗಿಬಿಟ್ಟೆ. ಆಮೇಲೆ ನೆನಪಾಯಿತು, ನಿಮ್ಮ ಜೊತೆ ಮಾತು ಬಿಟ್ಟಿದ್ದೇನೆ ಅಂತ. ಹೋದವರ ಜೊತೆ ಯಾರಾದರೂ ಮಾತು ಬಿಡುತ್ತಾರೆಯೇ ಎಂದು ನಗಬೇಡಿ. ನನಗೆ ನಗುವ ಮನಸ್ಸಿಲ್ಲ.

ನಿಮ್ಮ ವೈಕುಂಠ ಸಮಾರಾಧನೆಯ ದಿನ, ಅಮೆರಿಕದಲ್ಲಿ, ರಾಲಿಯ ನಮ್ಮ ಮನೆಯಿಂದ ಜನರೆಲ್ಲ ಹೊರಟ ಮೇಲೆ, ನಿಮ್ಮ ಗೆಳೆಯ ಬಸಣ್ಣ ಮಡಿಸುವ ಕುರ್ಚಿಗಳನ್ನು ಗೋಡೆಗೆ ಒರಗಿಸುತ್ತಿದ್ದರು. ನಾನು ಸುಮ್ಮನೆ ಅಂದೆ, "ಜರ್ಮನಿಗೆ ಹೋದಾಗ ಎಷ್ಟು ಗಟ್ಟಿಯಾಗಿದ್ರು. ಯಾರಿಗೆ ಗೊತ್ತಿತ್ತು ಹೀಗಾಗತ್ತೆ ಅಂತ." ಧಾರವಾಡದ ಮನುಷ್ಯ, ಪಕ್ಕದ ಡರ್ಹಮ್‌ನಲ್ಲಿ ಡಾಕ್ಟರು, ದಿನಾ ಸಾವು ಕಂಡವರು, ಕುರ್ಚಿ ಕೈಯಲ್ಲಿ ಹಿಡಿದು ಹಾಗೇ ನಿಂತರು. "ವೈನಿ, ಅವಂಗ ಗೊತ್ತಿತ್ರೀ. ಹೋಗೂಕಿಂತ ಮೊದ್ಲ ಗೊತ್ತಿತ್ತು. ಆಫೀಸಿನ್ಯಾಗ ಫಿಟ್ಸ್ ಬಂದಿತ್ತು, ಸ್ಕ್ಯಾನ್ ಮಾಡಿಸಿದ್ವಿ. ತಲ್ಯಾಗ ಗಡ್ಡಿ. ಇನ್ನ ಗಾಡಿ ಹೊಡೀಬ್ಯಾಡ ಅಂತ ಹೇಳಿದ್ವಿ. ವೈನಿಗೆ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ದ."  ನಾನು ಊಟದ ಎಲೆಗಳನ್ನೆಲ್ಲ ಕಸದ ಚೀಲಕ್ಕೆ ತುಂಬಿ ಗಂಟು ಹಾಕಿದೆ.

ಆಸ್ಪತ್ರೆಯ ಆ ಮಧ್ಯಾಹ್ನ ನೆನಪಿದೆಯೇ? ಪ್ರವಾಸ ಮುಗಿಸಿ ಬಂದು ಎಲೆ ಉದುರುವ ಕಾಲ. ನೀವು ಸ್ನಾನದ ಮನೆಯಲ್ಲಿ ಬಿದ್ದಿರಿ, ಡಾಕ್ಟರು ಗಡ್ಡೆ ಅಂದರು, ನೀವು ನನ್ನ ಕೈ ಹಿಡಿದು "ಇದೇನೇ ಇದು, ಎಲ್ಲಿಂದ ಬಂತು" ಅಂದಿರಿ. ನಾನು ಅಳು ನುಂಗಿಕೊಂಡು ನಿಮಗೆ ಧೈರ್ಯ ಹೇಳಿದೆ. ಗೊತ್ತಿದ್ದವರಿಗೆ ಗೊತ್ತಿಲ್ಲದವಳು ಧೈರ್ಯ ಹೇಳಿದಳು. ಅಷ್ಟು ಚೆನ್ನಾಗಿ ನಾಟಕ ಮಾಡಲು ಎಲ್ಲಿ ಕಲಿತಿರಿ?

ಅದಕ್ಕೂ ಮುಂಚೆ, ಆ ವಸಂತದಲ್ಲಿ, ನೀವು ಬಸಣ್ಣನವರ ಹಳೆಯ ಗೇರ್ ಕಾರು ತಂದು ಮನೆ ಮುಂದೆ ನಿಲ್ಲಿಸಿಕೊಂಡಿರಿ. ಬಸಣ್ಣನೇ ಓಡಿಸಿಕೊಂಡು ಬಂದಿದ್ದರು, ಏಕೆಂದು ನಾನು ಕೇಳಲಿಲ್ಲ. "ಜರ್ಮನೀಲಿ ಆಟೋಮ್ಯಾಟಿಕ್ ಸಿಗೋದು ಕಷ್ಟ ಕಣೇ. ನಂಗೆ ಬೆನ್ನುನೋವು. ಈ ಸಲ ನೀನೇ ಡ್ರೈವ್ ಮಾಡು, ನಾನು ಊರು ನೋಡ್ತೀನಿ." ದಿನಸಿ ಅಂಗಡಿ, ನಮ್ಮ ಅನುವಿನ ಸ್ಕೂಲು, ಇಷ್ಟು ಬಿಟ್ಟು ಎಲ್ಲಿಗೂ ಕಾರು ಒಯ್ಯದವಳು ನಾನು. ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಸುತ್ತಿ ಸುತ್ತಿ ಕ್ಲಚ್ ಕಲಿತೆ. ಅನುವನ್ನು ನಿಮ್ಮ ತಂಗಿಯ ಮನೆಯಲ್ಲಿ ಬಿಡಲು ಅಟ್ಲಾಂಟಾದವರೆಗೆ ನಾನೇ ಓಡಿಸಿದೆ. ನೀವು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಿರಿ. ನಿದ್ದೆ ಅಂದುಕೊಂಡೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರಿನವನು ಬೀಗದ ಕೈ ಚಾಚಿದಾಗ ನೀವು ನನ್ನ ಕಡೆ ಬೆರಳು ತೋರಿಸಿದಿರಿ. ಆಮೇಲೆ ಕೋಟಿನ ಜೇಬಿನಿಂದ ನಿಂಬೆಹಣ್ಣು ತೆಗೆದು ಚಕ್ರಗಳ ಕೆಳಗೆ ಇಟ್ಟಿರಿ. ನಾವು ಹೊಸ ಕಾರು ಕೊಂಡಾಗೆಲ್ಲ "ಕಾರಿಗೆ ಶರಬತ್ತು ಕುಡಿಸ್ತೀಯಾ" ಎಂದು ನನ್ನನ್ನು ಆಡಿಕೊಂಡವರು ನೀವು. ನೀವು ಬಗ್ಗಿದ್ದು ಕಂಡು ಕಾರಿನವನು ಏನೋ ಸೋರುತ್ತಿದೆ ಅಂದುಕೊಂಡು ಬಗ್ಗಿ ನೋಡಿದ. ನನಗೆ ನಕ್ಕು ನಕ್ಕು ಹೊಟ್ಟೆ ನೋವು.

"ಬಾಡಿಗೆ ಕಾರಿಗೂ ಪೂಜೆನಾ?" ಅಂದೆ.

"ಕಾರಿಗಲ್ಲ ಕಣೇ, ಡ್ರೈವರ್‌ಗೆ" ಅಂದಿರಿ.

ಆಗಲಾದರೂ ನನಗೆ... ಇಲ್ಲ, ಹೊಳೆಯಲಿಲ್ಲ. ಗಂಡ ರಜೆಯ ಖುಷಿಯಲ್ಲಿದ್ದಾರೆ ಅಂದುಕೊಂಡೆ.

ಹೈಡೆಲ್‌ಬರ್ಗ್‌ನ ಸೇತುವೆ ಪಕ್ಕ ಕೂತು ಗಟ್ಟಿ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ರೋಥೆನ್‌ಬರ್ಗ್‌ನ ಕೋಟೆ ಗೋಡೆಯ ಮೇಲೆ ನಡೆಯುವಾಗ ನೀವು ನನ್ನ ಭುಜ ಹಿಡಿದಿರಿ. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಹಾಗೆ ಹಿಡಿದದ್ದು ಅದೇ ಮೊದಲು. ನಾನು ನಾಚಿಕೊಂಡೆ. ಈಗ ಕೇಳುತ್ತೇನೆ, ಅದು ಪ್ರೀತಿಯೋ, ತಲೆ ಸುತ್ತೋ? ಆ ಪ್ರವಾಸದ ಫೋಟೊ ಆಲ್ಬಮ್ ತೆರೆದರೆ ಪ್ರತಿ ಪುಟದಲ್ಲೂ ನೀವು ನಗುತ್ತಿದ್ದೀರಿ, ನಾನೂ ನಗುತ್ತಿದ್ದೇನೆ. ಇಬ್ಬರೂ ಬೇರೆ ಬೇರೆ ಪ್ರವಾಸದಲ್ಲಿದ್ದೆವು, ಅದು ನನಗೆ ಮಾತ್ರ ಗೊತ್ತಿರಲಿಲ್ಲ.

ಗಡಿ ದಾಟಿ ಆಸ್ಟ್ರಿಯಾದಲ್ಲಿ ಸಿಕ್ಕ ಆ ಏರುದಾರಿಯನ್ನು ನೀವು ಮರೆತಿರಲಾರಿರಿ. ಇನ್ಸ್‌ಬ್ರುಕ್ ಇನ್ನೂ ದೂರವಿತ್ತು. ಸಿಗ್ನಲ್ಲಿನಲ್ಲಿ ಕಾರು ನಿಂತು, ಹೊರಡುವಾಗ ಹಿಂದಕ್ಕೆ ಜಾರಿತು. ಮತ್ತೆ ಹೊರಡಿಸಿದೆ, ಆಫ್ ಆಯಿತು. ಹಿಂದಿದ್ದವರು ಹಾರ್ನ್ ಮೇಲೆ ಹಾರ್ನ್. ನಾನು ಕೆಳಗಿಳಿದು ಬೀಗದ ಕೈಯನ್ನು ರಸ್ತೆಗೆ ಎಸೆದೆ. "ನಿಮಗೇನು ಕೈಕಾಲಿಲ್ವಾ? ಹೆಂಡ್ತಿ ಒದ್ದಾಡ್ತಿದ್ರೆ ಪಕ್ಕದಲ್ಲಿ ಕೂತು ಬೆಟ್ಟ ನೋಡ್ತೀರಲ್ಲ. ನಿಮ್ಮಂಥ ಸೋಮಾರಿ ನೋಡಿಲ್ಲ ನಾನು." ನೀವು ಬೀಗದ ಕೈ ಹೆಕ್ಕಿ ತಂದು ನನ್ನ ಕೈಯಲ್ಲಿಟ್ಟಿರಿ. "ಹ್ಯಾಂಡ್‌ಬ್ರೇಕ್ ಹಾಕ್ಕೊಂಡು ನಿಧಾನಕ್ಕೆ ಕ್ಲಚ್ ಬಿಡು. ಬರತ್ತೆ ನಿಂಗೆ." ಬಂತು. ಊರು ತಲುಪುವವರೆಗೂ ನಾನು ನಿಮ್ಮ ಮುಖ ನೋಡಲಿಲ್ಲ.

ಆ ಮಾತಿಗೆ ನಾನು ಕ್ಷಮೆ ಕೇಳುವುದಿಲ್ಲ. ನನ್ನ ಬಾಯಲ್ಲಿ ಅದನ್ನು ಬರಿಸಿದವರು ನೀವು. ನಮ್ಮ ಕೊನೆಯ ರಜೆಯಲ್ಲಿ ನನ್ನನ್ನು ಜಗಳಗಂಟಿ ಮಾಡಿದಿರಿ. ಹೇಳಿದ್ದರೆ ಕಾರು ಓಡಿಸುತ್ತಿರಲಿಲ್ಲವೇ? ಅಳುತ್ತಿದ್ದೆ, ಸರಿ. ಅತ್ತುಕೊಂಡೇ ಓಡಿಸುತ್ತಿದ್ದೆ. ರೋಥೆನ್‌ಬರ್ಗ್‌ನಲ್ಲಿ ನಿಮ್ಮ ಕೈ ಭುಜದಿಂದ ಇಳಿಯಲು ಬಿಡುತ್ತಿರಲಿಲ್ಲ. ಗೆಳೆಯನಿಗೆ ಹೇಳಬಹುದಾದದ್ದನ್ನು ಹೆಂಡತಿಗೆ ಹೇಳಲಾಗಲಿಲ್ಲವೆಂದರೆ, ಇಷ್ಟು ವರ್ಷ ಈ ಮನೆಯಲ್ಲಿ ನಾನು ಯಾರು?

ಬಸಣ್ಣ ಬಾಯಿಬಿಟ್ಟ ಮಾರನೆಯ ದಿನದಿಂದ ನಾನು ಕಾರು ಮುಟ್ಟಲಿಲ್ಲ. ನನ್ನನ್ನು ಒಂಟಿ ಬದುಕಿಗೆ ತಯಾರು ಮಾಡಿ ಹೋಗಿದ್ದೀರಿ, ನಾನೂ ನೀವು ಅಂದುಕೊಂಡಂತೆಯೇ ಬದುಕಬೇಕೋ? ಆಗುವುದಿಲ್ಲ ಅಂದೆ. ಬಸಣ್ಣನ ಹೆಂಡತಿ ಅಂಗಡಿಗೆ ಕರೆದೊಯ್ಯುತ್ತಿದ್ದರು, ಅನು ಸ್ಕೂಲ್ ಬಸ್ಸಿನಲ್ಲಿ ಹೋಗುತ್ತಿದ್ದಳು. ಕಾರಿನ ಮೇಲೆ ಪೈನ್ ಮರದ ಹಳದಿ ಪರಾಗದ ಪುಡಿ ಕೂತಿತ್ತು.

ನಿನ್ನೆ ಸ್ಕೂಲಿನಿಂದ ಫೋನು ಬಂತು. ಅನು ಆಡುವಾಗ ಬಿದ್ದು ಕಾಲು ಉಳುಕಿಸಿಕೊಂಡಿದ್ದಾಳೆ, ಬಂದು ಕರೆದೊಯ್ಯಿರಿ ಅಂದರು. ಬಸಣ್ಣನ ಮನೆಯಲ್ಲಿ ಯಾರೂ ಫೋನೆತ್ತಲಿಲ್ಲ. ಕಾರಿನ ಗಾಜು ಒರೆಸಿ ಹೊರಟೆ. ಸ್ಕೂಲಿನ ಮುಂದಿನ ಏರಿನಲ್ಲಿ ಕೆಂಪು ದೀಪ. ನಮ್ಮ ಕಾರಿನಲ್ಲಿ ಕ್ಲಚ್ ಇಲ್ಲ ಎಂಬುದು ಗೊತ್ತಿದ್ದೂ ನನ್ನ ಎಡಗಾಲು ಅದನ್ನು ಹುಡುಕಿತು. ನಿಮ್ಮ ಮೇಲೆ ಎಂಥ ಸಿಟ್ಟು ಬಂತೆಂದರೆ, ದೀಪ ಹಸಿರಾದದ್ದೂ ಕಾಣಲಿಲ್ಲ.

ಬರುವಾಗ ದಾರಿಯಲ್ಲೇ ಅನುವಿಗೆ ಎಲ್ಲ ಹೇಳಿಬಿಟ್ಟೆ. ನೀವು ಏನು ಮುಚ್ಚಿಟ್ಟಿರಿ, ಯಾರಿಗೆ ಹೇಳಿದಿರಿ, ಎಲ್ಲ. ಅವಳು ಉಳುಕಿದ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡಳು. ಆಮೇಲೆ, "ಅಮ್ಮ, ನೀನು ಹಾಗೆ ಮಾಡಬೇಡ, ಓಕೆ? ಟೆಲ್ ಮಿ ಫಸ್ಟ್" ಅಂದಳು. ಮಾತು ಕೊಟ್ಟಿದ್ದೇನೆ. ಈ ಮನೆಯಲ್ಲಿ ಇನ್ನು ಮೇಲೆ ನಿಮ್ಮ ಪದ್ಧತಿ ನಡೆಯುವುದಿಲ್ಲ.

ಗರಾಜಿನ ಹತ್ತಿರ ಬಂದಾಗ ಅವಳು ಕೇಳಿದಳು, "ಸೋ, ಜರ್ಮನೀಲಿ ಅಪ್ಪ ಡ್ರೈವ್ ಮಾಡಲೇ ಇಲ್ವಾ?"

"ಇಲ್ಲ. ಒಂದು ಮೈಲಿನೂ ಇಲ್ಲ. ಪೂರ್ತಿ ದಾರಿ ಓಡಿಸಿದ್ದು ನಾನು" ಅಂದೆ.

ಹಾಗೆ ಹೇಳುವಾಗ ನನಗೆ ಹೆಮ್ಮೆಯಾಯಿತು, ರೀ. ಇದನ್ನೂ ನೀವು ಮೊದಲೇ ಯೋಚಿಸಿದ್ದಿರಾ?

ಮುನಿಸು ಇಳಿಯದ,
ವನಜ