ಗಗನವೀರನ ಮುಖ ಕಂಡ ಮಂಗಳವಾರ

ದೇವಣಗಾಂವ, ತಾಲ್ಲೂಕು ಸಿಂದಗಿ
ಮೇ ೩೦, ೧೯೭೬, ಭಾನುವಾರ

ಪ್ರೀತಿಯ ತಂಗಿ ಮರೆವ್ವನಿಗೆ ಅಣ್ಣ ರಾವಸಾಬನ ಆಶೀರ್ವಾದಗಳು.

ಹಿಂದಿನ ಪತ್ರದಲ್ಲಿ ನಾನು ತಿಳಿಸಿದ್ದ ದಿನ ತಪ್ಪಾಗಿತ್ತು. ಮೊದಲು ಅದಕ್ಕಾಗಿ ಕ್ಷಮೆ ಬೇಡುತ್ತೇನೆ. ಮೂವತ್ತಾರು ವರ್ಷ ಶಾಲೆಯಲ್ಲಿ ಪರರ ತಪ್ಪುಗಳನ್ನು ತಿದ್ದಿದವನಿಗೆ ಈ ಎರಡು ವಾಕ್ಯಗಳನ್ನು ಬರೆಯಲು ನಾಲ್ಕು ದಿನ ಹಿಡಿಯಿತು.

ನಿನ್ನ ಮಗ ಸಿದ್ರಾಮನು ದೂರದರ್ಶನದ ನಾಟಕದಲ್ಲಿ ಗಗನವೀರನಾಗಿ ಆಕಾಶದಲ್ಲಿ ಹಾರುತ್ತಿರುವನೆಂದೂ, ಸದಾ ಮುಖವಾಡ ಧರಿಸಿರುವುದರಿಂದ ಪಾತ್ರಧಾರಿಗಳ ಹೆಸರುಗಳನ್ನು ಓದಿಯೇ ಅವನೆಂದು ಅರಿತೆನೆಂದೂ, ಒಂದೇ ಒಂದು ಕಂತಿನಲ್ಲಿ ಆ ಮುಖವಾಡ ಕಳಚುವುದೆಂದೂ ಬರೆದಿದ್ದೆ. ನಿಮ್ಮ ಹಲಸಂಗಿಯಲ್ಲಿ ದೂರದರ್ಶನದ ಯಂತ್ರವಿಲ್ಲ. ಸರಕಾರ ನಮ್ಮ ಶಾಲೆಗೆ ಕೊಟ್ಟಿರುವ ಯಂತ್ರದ ಪೆಟ್ಟಿಗೆಯ ಕೀಲಿ ನನ್ನ ಬಳಿ ಇದೆ. ತಂದೆಯೊಡನೆ ಜಗಳವಾಡಿ ಮನೆ ಬಿಟ್ಟುಹೋಗಿ ಆರು ವರ್ಷಗಳಿಂದ ಕಾಣದ ಮಗನ ಮುಖವನ್ನು ಬಂದು ನೋಡು ಎಂದು ನಿನ್ನನ್ನು ಕರೆದವನು ನಾನೇ.

ದೂರದರ್ಶನ ನಿಲಯದವರು ಕಳುಹಿಸಿದ ಕಾರ್ಯಕ್ರಮಗಳ ಪಟ್ಟಿಯಲ್ಲಿ ಮೇ ೨೫ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆದರೆ ಮನೆಯ ಪತ್ರದಲ್ಲಿ ಪರಭಾಷೆಯ ತಿಂಗಳ ಹೆಸರನ್ನು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಹುಣ್ಣಿಮೆಯಿಂದ ಬೆರಳ ಗೆಣ್ಣುಗಳ ಮೇಲೆ ಎಣಿಸಿ, ವೈಶಾಖ ಬಹುಳ ದ್ವಾದಶಿ ಎಂದು ಬರೆದೆ. ಈ ಸಲ ಪಂಚಮಿ ಎರಡು ದಿನ ಬಂದಿತ್ತು. ನಾನು ಒಂದೇ ದಿನವೆಂದು ಎಣಿಸಿದ್ದೆ. ಪಂಚಾಂಗ ಕೈಗೆಟಕುವ ಗೂಡಿನಲ್ಲಿಯೇ ಇತ್ತು. ತೆರೆದು ನೋಡಲಿಲ್ಲ.

ಮಂಗಳವಾರ ಸಂಜೆ ಎಂದಿನಂತೆ ಪೆಟ್ಟಿಗೆ ತೆರೆದೆ. ಗಗನವೀರ ಬಂದೇಬಿಟ್ಟ. ನೀನು ಮರುದಿನ ಹೊರಡಲು ಆಗ ಬುತ್ತಿ ಕಟ್ಟುತ್ತಿದ್ದಿರಬೇಕು. ಎದ್ದು ಯಂತ್ರವನ್ನು ಹಿಡಿದು ನಿಲ್ಲಿಸಬೇಕೆನಿಸಿತು; ಅದು ನಿಲ್ಲುವಂಥದಲ್ಲ.

ಬುಧವಾರ ನೀನು ಬಿಸಿಲಲ್ಲಿ ಇಂಡಿಯಲ್ಲೊಂದು, ಸಿಂದಗಿಯಲ್ಲೊಂದು ಬಸ್ಸು ಬದಲಿಸಿ ಬಂದೆ. ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕುಳಿತೆ. ತೆರೆಯ ಮೇಲೆ ಒಬ್ಬ ಅಧಿಕಾರಿ ಜೋಳದ ಹುಳುವಿಗೆ ಔಷಧ ಹೇಳುತ್ತಿದ್ದ. “ಯಣ್ಣಾ, ಇಂವ ಯಾಂವ? ನಮ್ಮ ಸಿದ್ರಾಮ ಯಾವಾಗ ಬರ್ತಾನ?” ಎಂದು ನೀನು ಮೂರು ಸಲ ಕೇಳಿದೆ. ಕುರಿ ಕಾಯುವ ಬೀರಣ್ಣ ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣು ಕೆಂಪಗೆ ಮಾಡಿ ಅವನನ್ನು ಸುಮ್ಮನಿರಿಸಿದೆ. ಆಮೇಲೆ ನಿನಗೆ, ಯಂತ್ರ ಹಿಂದಿನ ದಿನವೇ ಕೆಟ್ಟಿತ್ತು, ಈಗಷ್ಟೇ ದುರಸ್ತಿಯಾಗಿದೆ, ಅಷ್ಟರಲ್ಲಿ ಆ ಕಂತು ಮುಗಿದುಹೋಯಿತು, ಅದನ್ನು ಊರಿನಲ್ಲಿ ಯಾರೂ ನೋಡಿಲ್ಲ ಎಂದೆ. “ಹೋಗ್ಲಿ ಬಿಡಣ್ಣಾ, ಮಿಶಿನ್ ಏನ್ ಮಾಡೀತು. ಒಂದ ಕಾಗದ ಹಾಕದ ಮಗ, ಮಾರಿ ತೋರಸ್ತಾನೇನು” ಎಂದು ನೀನೇ ನನ್ನನ್ನು ಸಮಾಧಾನ ಮಾಡಿದೆ.

ಮರುದಿನ ನಿನ್ನನ್ನು ಬಸ್ಸಿಗೆ ಹತ್ತಿಸಿ ಬರುವಾಗ ನೆರೆಮನೆಯ ಸುಲ್ತಾನಬಿ ಅಡ್ಡಬಂದಳು. “ಮಾಸ್ತರ್ರ, ಮಿಶಿನ್ ಕೆಟ್ಟಿತ್ತಂತ ಹೇಳಿದ್ರೆಲ್ಲಾ, ಅರ್ಧಾ ಊರು ಕುಂತು ನೋಡೈತಿ. ನಾನೂ ನೋಡೇನಿ. ಸಾಲ್ಯಾಗ ಹುಡುಗೂರು ಸುಳ್ಳ ಹೇಳಿದ್ರ ಬೆಂಚಿನ ಮ್ಯಾಲೆ ನಿಂದರಸ್ತಿದ್ರಿ. ನಿಮ್ಮನ್ನ ಯಾರ್ ನಿಂದರಸ್ಬೇಕ್ರಿ?” ಎಂದಳು.

ಆದ್ದರಿಂದ ನಾನು ಕಂಡದ್ದನ್ನು ಬರೆಯುತ್ತೇನೆ. ದುಷ್ಟರು ಕುಸಿಯುವಂತೆ ಮಾಡಿದ ಬಾವಿಯೊಳಗೆ ಹೆಂಗಸೊಬ್ಬಳು ಸಿಕ್ಕಿಬಿದ್ದಿದ್ದಳು. ಗಗನವೀರನು ಹಾರಿಬಂದು ಬಂಡೆಗೆ ಹೆಗಲು ಕೊಟ್ಟ. ಬಂಡೆ ರಟ್ಟಿನದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಹಾರುವಾಗ ಬೆನ್ನಿನ ಹಗ್ಗವೂ ಕಾಣುತ್ತಿತ್ತು. ಸಂಭಾಷಣೆಯಂತೂ ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ನಾನು ಸಿಟ್ಟಿನಿಂದ ಹಲ್ಲು ಕಡಿಯುತ್ತಿದ್ದೆ. ಅಷ್ಟರಲ್ಲಿ ಮುಖವಾಡದ ಪಟ್ಟಿ ಹರಿಯಿತು. ಬಡಕಲಾಗಿದ್ದಾನೆ. ಮೀಸೆ ಬಿಟ್ಟಿದ್ದಾನೆ. ಭಾರ ಎತ್ತುವಾಗ ತನ್ನ ತಂದೆಯಂತೆಯೇ ಕೆಳದುಟಿಯನ್ನು ಒಳಗೆ ಕಚ್ಚಿಕೊಳ್ಳುತ್ತಾನೆ. “ಯವ್ವಾ, ಅಂಜಬ್ಯಾಡ, ನಾ ಅದೇನಿ” ಎಂದು ಆ ಹೆಂಗಸಿಗೆ ಹೇಳಿದ. ಅದು ಬರೆದುಕೊಟ್ಟ ಮಾತಾಗಿರಲಾರದು. ನಾಟಕದ ಬೇರೆ ಯಾರೂ ಹಾಗೆ ಮಾತನಾಡುವುದಿಲ್ಲ. ಬೀರಣ್ಣ ತನ್ನ ರುಮಾಲಿನಿಂದ ಕಣ್ಣೊರೆಸಿಕೊಂಡ. ನಾನು ಯಂತ್ರದ ಗುಂಡಿ ಸರಿಪಡಿಸುವ ನೆಪದಲ್ಲಿ ಎದ್ದು, ಜನರಿಗೆ ಬೆನ್ನು ಮಾಡಿ ನಿಂತೆ.

ಆ ಕಂತನ್ನು ಮತ್ತೆ ತೋರಿಸುವುದಿಲ್ಲ. ಜುಲೈ ತಿಂಗಳು ಮುಗಿದರೆ ಉಪಗ್ರಹದ ಮೂಲಕ ಬರುವ ಈ ಕಾರ್ಯಕ್ರಮಗಳೇ ನಿಲ್ಲುತ್ತವೆ. ನಿನಗೆ ಸಿಗಬೇಕಾಗಿದ್ದ ಆ ಒಂದು ಗಳಿಗೆಯನ್ನು ನಾನು ಹಾಳುಮಾಡಿದೆ.

ನಿನ್ನ ಅಣ್ಣ,
ರಾವಸಾಬ

ಮರೆತು ಬಿಟ್ಟದ್ದು: ಹಾಗೆ ಬರೆಯುವುದು ವಾಡಿಕೆ, ಮರೆತಿರಲಿಲ್ಲ. ಸಿದ್ರಾಮ ನಿನಗೆ ಕಾಗದ ಬರೆದಿದ್ದ. ತಂದೆ ಹರಿದುಹಾಕಿಯಾನೆಂದು ಅಂಜಿ ನನ್ನ ವಿಳಾಸಕ್ಕೆ ಕಳುಹಿಸಿದ್ದ. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯವರ ಮಾತು ಕೇಳಿ ಕಚೇರಿಗಳಲ್ಲಿ ನಗುತ್ತಿದ್ದರು. ಅದಕ್ಕೆಂದೇ ನಾನು ಶುದ್ಧ ಭಾಷೆಯನ್ನು ಹಟದಿಂದ ಕಲಿತವನು. ಅವನ ಒಂದು ಪುಟದ ಕಾಗದದಲ್ಲಿ ಮೂವತ್ತೊಂದು ತಪ್ಪುಗಳಿದ್ದವು. ಕೆಂಪು ಶಾಯಿಯಲ್ಲಿ ಎಲ್ಲವನ್ನೂ ತಿದ್ದಿ, ಸರಿಯಾಗಿ ಬರೆದು ಕಳುಹಿಸಿದರೆ ತಾಯಿಗೆ ತಲುಪಿಸುತ್ತೇನೆಂದು ಅವನಿಗೇ ಹಿಂದಿರುಗಿಸಿದೆ. ಅವನು ಮತ್ತೆ ಬರೆಯಲಿಲ್ಲ.

ಸರಿಪಡಿಸಿದ ದಿನಾಂಕಗಳು:

ಮುಖವಾಡ ಕಳಚಿದ್ದು: ದ್ವಾದಶಿಯಲ್ಲ. ಬಹುಳ ಏಕಾದಶಿ, ಮೇ ೨೫, ಮಂಗಳವಾರ.

ಯಂತ್ರ ಕೆಟ್ಟದ್ದು: ಮೇ ೨೫ ಎಂದಿದ್ದೆ. ಯಾವ ದಿನವೂ ಕೆಟ್ಟಿಲ್ಲ.

ಸಿದ್ರಾಮ ನಿನಗೆ ಕಾಗದ ಬರೆದದ್ದು: ಎಂದೂ ಇಲ್ಲವೆಂದಿದ್ದೆ. ಮಾರ್ಚ್ ೨೮, ೧೯೭೧, ಯುಗಾದಿಯ ಮರುದಿನ.

ನೀನು ಅವನಿರುವ ಹೈದರಾಬಾದಿಗೆ ಹೊರಡುವುದು: ಜೂನ್ ೧೪, ಸೋಮವಾರ, ಬೆಳಿಗ್ಗೆ ಎಂಟಕ್ಕೆ, ಇಂಡಿಯ ಬಸ್ ನಿಲ್ದಾಣದಿಂದ. ನಿಲಯದ ವಿಳಾಸವಿರುವ ಪಟ್ಟಿಯೊಡನೆ ನಾನು ಅಲ್ಲಿರುತ್ತೇನೆ. ನನ್ನೊಡನೆ ಬರಲು ಮನಸ್ಸಿಲ್ಲದಿದ್ದರೆ ಮಗಳು ಸಾವಿತ್ರವ್ವನನ್ನು ಕರೆದುಕೊಂಡು ಬಾ. ಪಟ್ಟಿಯನ್ನು ಅವಳ ಕೈಗೆ ಕೊಟ್ಟು ನಾನು ಹಿಂದಿರುಗುತ್ತೇನೆ.