ಹಲ್ಲಿನ ಗುರುತಿದ್ದ ಹುಸಿಮೀನು

ಕೇಪ್ ಕಾಡ್, ಸೋಮವಾರ

ಮಾನ್ಯ ಫುರ್ಟಾಡೊ ಅವರಿಗೆ,

ಮಾವ ಎಂದು ಬರೆಯುವ ಧೈರ್ಯ ನಿನ್ನೆಯವರೆಗೆ ಇತ್ತು. ಕಾಲುವೆ ದಂಡೆಯಲ್ಲಿ ನೀವು ಪೆಟ್ಟಿಗೆ ತೆರೆದು, "ಪಟ್ಟೆ ಬಾಸ್ ಮೀನು ಹಿಡಿಯೋಕೆ ಗಾಳಕ್ಕೆ ಯಾವ ಹುಸಿಮೀನು ಕಟ್ಟೋದು, ನೀನೇ ಆರಿಸಪ್ಪ. ತೆರೇಸಾ ಮದುವೆ ಮಾತು ಆಮೇಲೆ" ಎಂದು ಕಾಫಿ ತರಲು ಹೋದಿರಿ. ಹೊಳೆಯುವವನ್ನೆಲ್ಲ ಬಿಟ್ಟು, ಮೈತುಂಬ ಹಲ್ಲಿನ ಗುರುತಿದ್ದ ಮರದ ಹಳೆಯ ಹುಸಿಮೀನನ್ನು ಕಟ್ಟಿದೆ. ಮೀನುಗಳೇ ಕಚ್ಚಿ ಒಪ್ಪಿದ್ದಲ್ಲವೇ ಎಂದುಕೊಂಡೆ. ಮೊದಲ ಎಸೆತಕ್ಕೇ ದೈತ್ಯ ಬಾಸೊಂದು ಅದನ್ನು ಕಚ್ಚಿ, ದಾರ ಹರಿದುಕೊಂಡು ಹೋಯಿತು.

"ಅದನ್ನ ಅಪ್ಪ ನೀರಿಗೇ ಇಳಿಸಲ್ಲ ಕಣೋ. ಅದರಲ್ಲಿ ಮೀನು ಹಿಡಿದ ಮೇಲೇ ಅಜ್ಜ ಅಪ್ಪನಿಗೆ ಅಮ್ಮನ್ನ ಮದುವೆ ಮಾಡಿ ಕೊಟ್ಟಿದ್ದು" ಎಂದಳು ಪಕ್ಕದಲ್ಲೇ ನಿಂತಿದ್ದ ತೆರೇಸಾ.

ದಯವಿಟ್ಟು ಇನ್ನೊಂದು ಅವಕಾಶ ಕೊಡಿ. ಈ ಸಲ ಹುಸಿಮೀನನ್ನು ನೀವೇ ಆರಿಸಿ. ನಿಮಗೆ ಸ್ವಲ್ಪವೂ ಇಷ್ಟವಿಲ್ಲದ್ದಾದರೆ ಸಾಕು.

ಅಳಿಯನಾಗುವ ಆಸೆ ಬಿಡದ,
ನೀಲ್ ಕ್ರೌಲಿ