ನೂರ ಎಂಬತ್ತು ಗ್ರಾಂ ಕಾಳು

ಮನೆ, ಅಡುಗೆಮನೆಯ ಮೇಜು
ಒಂಬತ್ತನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಕೈಗೆ ಬಿಸಿ ಎಣ್ಣೆ ಸಿಡಿದ ಜಾಗ ಪೂರ್ತಿ ಮಾಗಿತೇ, ಇಲ್ಲ ಒಲೆಯ ಹಬೆಯಲ್ಲೇ ನಿಂತು ಮತ್ತೆ ಹಸಿಯಾಗಿದೆಯೇ? ಹಡಗಿನ ಡಾಕ್ಟರು ಕೊಟ್ಟ ಮುಲಾಮು ತಪ್ಪದೆ ಹಚ್ಚುತ್ತಿದ್ದೇನೆ ಎಂದು ಬರೆದಿದ್ದೆ. ನಿನ್ನ ಅಮ್ಮ ಅದನ್ನು ಎರಡು ಸಲ ಓದಿ, "ಹಚ್ಚಿರಲ್ಲ ಬಿಡಿ" ಎಂದಳು. ಇಪ್ಪತ್ತಾರು ಜನರಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವನು ತಾನು ಹೊತ್ತಿಗೆ ಸರಿಯಾಗಿ ತಿನ್ನುತ್ತಾನೋ ಇಲ್ಲವೋ ಎಂಬುದು ಅವಳ ನಿತ್ಯದ ಕೊರಗು. ನಾನು ಗಟ್ಟಿಯಾಗಿದ್ದೇನೆ. ಅಂಗಡಿಗೆ ವಾರಕ್ಕೆ ಮೂರು ದಿನ ಮಾತ್ರ ಹೋಗುತ್ತೇನೆ. ಈಗೆಲ್ಲ ತಕ್ಕಡಿ ಕೆಟ್ಟರೆ ರಿಪೇರಿಗೆ ತರುವವರು ಕಡಿಮೆ, ಹೊಸದನ್ನೇ ಕೊಳ್ಳುತ್ತಾರೆ. ಔಷಧದ ಅಂಗಡಿಯವರು, ಲ್ಯಾಬಿನವರು ಮಾತ್ರ ಇನ್ನೂ ನನ್ನನ್ನು ಮರೆತಿಲ್ಲ. ಅಮ್ಮನ ಮಂಡಿ ಆಪರೇಷನ್ ಆಗಿ ಮೊನ್ನೆಗೆ ಎಂಟು ತಿಂಗಳು. ಮಹಡಿಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತುತ್ತಾಳೆ, ಹತ್ತಿದ ಮೇಲೆ ನಾನು ನೋಡಿದೆನೋ ಇಲ್ಲವೋ ಎಂದು ತಿರುಗಿ ನೋಡುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳು ನಿನಗೆ ರಜೆ ಸಿಗುತ್ತದೆ. ಕಣಿವೆಯಾಚೆಗಿನ ಆ ಸರೋವರಕ್ಕೆ ಮೂವರೂ ನಡೆದು ಹೋಗೋಣವೆಂದು ಅಮ್ಮ ನಿನಗೆ ಬರೆದಳು. "ನೀವಿಬ್ಬರೂ ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ" ಎಂದು ನೀನು ಉತ್ತರ ಹಾಕಿದೆ. ಮನೆಯೇನು ಎದ್ದು ಓಡಿಹೋಗುತ್ತದೆಯೇ ಮಾರಾಯ? ಅಮ್ಮ ಆ ಕಾಗದವನ್ನು ಮಡಿಸಿ ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದಳು. ಮೂವರಾದರೆ ಹೋಗುವುದು, ಇಲ್ಲದಿದ್ದರೆ ಇಲ್ಲ, ಇದು ಅವಳ ತೀರ್ಮಾನ. ಅವಳ ತೀರ್ಮಾನಕ್ಕೆ ಈ ಮನೆಯಲ್ಲಿ ಮೇಲ್ಮನವಿ ಇಲ್ಲ ಎಂಬುದು ನಿನಗೆ ಗೊತ್ತು. ಮಂಡಿ ನೋಡಿದ ಡಾಕ್ಟರು, "ಈ ವರ್ಷ ಹೋಗಿಬನ್ನಿ, ಇನ್ನೊಂದು ಮಂಡಿ ಎಷ್ಟು ದಿನ ತಾಳುತ್ತೋ ನಾನು ಮಾತು ಕೊಡಲಾರೆ" ಎಂದಿದ್ದಾರೆ. ಆದ್ದರಿಂದ ಈ ಕಾಗದ ನಾನೇ ಬರೆಯಲು ಕುಳಿತೆ. ನಿನ್ನೆಯೂ ಕುಳಿತಿದ್ದೆ. ಭಾನುವಾರವೂ ಕುಳಿತಿದ್ದೆ. ಪೆನ್ನಿನ ಮುಚ್ಚಳ ತೆಗೆದು ಹಾಕಿದ್ದಷ್ಟೇ ಬಂತು.

ನೀನು ಒಲ್ಲೆ ಎಂದಿದ್ದರೂ ಅಮ್ಮ ಸುಮ್ಮನಿಲ್ಲ, ಬೆಟ್ಟದ ಊಟಕ್ಕೆಂದು ಒಣಗಿಸಲು ಶುರುಮಾಡಿದ್ದಾಳೆ. ನಿನ್ನೆಯಿಂದ ಮನೆ ತುಂಬ ಟೊಮೆಟೊ ವಾಸನೆ. ಓವನ್ನಿನ ಬಾಗಿಲನ್ನು ಮರದ ಚಮಚ ಸಿಕ್ಕಿಸಿ ಎರಡು ಬೆರಳು ತೆರೆದಿಟ್ಟಿದ್ದಾಳೆ, ಒಳಗೆ ನಾಲ್ಕು ತಟ್ಟೆ. ಮೇಲಿನದರಲ್ಲಿ ಟೊಮೆಟೊ, ಅದರ ಕೆಳಗೆ ತುರಿದ ಕ್ಯಾರೆಟ್ಟು, ಆಮೇಲೆ ಬೇಯಿಸಿ ಹರಡಿದ ಅನ್ನ, ತಳದಲ್ಲಿ ಬಟಾಣಿ. ಗಂಟೆಗೊಮ್ಮೆ ತಟ್ಟೆಗಳ ಜಾಗ ಬದಲಿಸುವ ಕೆಲಸ ನನ್ನದು. ಬಟಾಣಿ ಒಣಗಿದೆಯೇ ಎಂದು ತಿಳಿಯಲು ಅವಳು ಈಗಲೂ ಒಂದು ಹಿಡಿಯನ್ನು ಸ್ಟೀಲ್ ಬಟ್ಟಲಿಗೆ ಸುರಿದು ಕಿವಿಗೊಟ್ಟು ಕೇಳುತ್ತಾಳೆ. ಜಲ್ಲಿ ಸುರಿದ ಹಾಗೆ ಸದ್ದಾದರೆ ಸರಿ, ಮೆತ್ತಗೆ ಬಿದ್ದರೆ ಮತ್ತೆ ಒಳಕ್ಕೆ. ಚಿಕ್ಕವನಿದ್ದಾಗ ಆ ಪರೀಕ್ಷೆ ಮಾಡುತ್ತಿದ್ದವನು ನೀನು. "ಇನ್ನೂ ಹತ್ತು ಕಾಳು ಬೇಕಮ್ಮ, ಸರಿಯಾಗಿ ಕೇಳಿಸಲಿಲ್ಲ" ಎಂದು ಹೇಳಿ ಹೇಳಿ ಅರ್ಧ ತಟ್ಟೆ ಖಾಲಿ ಮಾಡುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು, ಅದಕ್ಕೇ ಬಟಾಣಿಯನ್ನು ಯಾವಾಗಲೂ ಜಾಸ್ತಿ ಒಣಗಿಸುತ್ತಿದ್ದಳು.

ನಮ್ಮ ಮೊದಲ ನಡಿಗೆ ನೆನಪಿದೆಯೇ? ನಿನಗೆ ಒಂಬತ್ತು ವರ್ಷ. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಕೊಟ್ಟ ಹಳೆಯ ಟೆಂಟು, ಅದರ ಒಂದು ಕೋಲು ಮುರಿದಿತ್ತು, ಪೊರಕೆಯ ಹಿಡಿ ಕಟ್ಟಿ ನಿಲ್ಲಿಸಿದೆವು. ಅಮ್ಮ ಟೊಮೆಟೊ ಗೊಜ್ಜನ್ನು ಹಾಳೆಯ ಹಾಗೆ ಒಣಗಿಸಿ ಸುರುಳಿ ಸುತ್ತಿ ತಂದಿದ್ದಳು. ನೀನು ಅದನ್ನು ನನ್ನ ಬೂಟಿನ ಒಳ ಅಟ್ಟೆ ಎಂದುಕೊಂಡು ಬೂಟಿನೊಳಗೇ ತುರುಕಿಟ್ಟೆ. ಅವತ್ತು ಸಾರು ಮಾಡುವಾಗ ಎಲ್ಲರೂ ಟೊಮೆಟೊ ಹುಡುಕಿದ್ದೇ ಹುಡುಕಿದ್ದು. ನಾನು ನಡೆದು ನಡೆದು ಕಾಲ ಕೆಳಗೆ ಏನೋ ಅಂಟಂಟು ಎನ್ನುತ್ತಿದ್ದೆ. ನಿನ್ನ ಅಮ್ಮ ನಕ್ಕು ನಕ್ಕು ಬಂಡೆಯ ಮೇಲೆ ಕುಳಿತುಬಿಟ್ಟಳು. ಬೆಟ್ಟದ ಮೇಲೆ ಅವಳು ನಗುವ ರೀತಿಯೇ ಬೇರೆ ಇತ್ತು. ಮನೆಯಲ್ಲಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬೇರೆಯವರ ಬಟ್ಟೆ ಹೊಲಿಯುವವಳು ಪೂರ್ತಿ ಬಾಯಿ ತೆರೆದು ಎಲ್ಲಿ ನಕ್ಕಾಳು?

ಮತ್ತೆ ಆ ಹತ್ತು ನಿಮಿಷ. ಕುದಿಯುವ ನೀರಿಗೆ ಪೊಟ್ಟಣ ಸುರಿದು, ಒಲೆ ಆರಿಸಿ, ಪಾತ್ರೆಗೆ ಅಮ್ಮನ ಉಣ್ಣೆಯ ಟೋಪಿ ಹಾಕಿ ಮೂವರೂ ಸುತ್ತ ಕೂರುತ್ತಿದ್ದೆವು. ಮುಚ್ಚಳ ತೆಗೆಯುವ ಹಾಗಿಲ್ಲ, ತೆಗೆದರೆ ಬಿಸಿ ಹೋಗುತ್ತದೆ, ಅನ್ನ ನಡುವೆ ಗಟ್ಟಿ ಉಳಿಯುತ್ತದೆ. ನಾನು ಗಡಿಯಾರ ಹಿಡಿದಿರುತ್ತಿದ್ದೆ. ಹೊಟ್ಟೆ ತಾಳ ಹಾಕುತ್ತಿರುವಾಗ ಹತ್ತು ನಿಮಿಷ ಎಷ್ಟು ಉದ್ದ! ನೀನು ಪಾತ್ರೆಗೆ ಕಿವಿಯಿಟ್ಟು, "ಒಳಗೆ ಮಾತಾಡ್ತಿವೆ" ಎನ್ನುತ್ತಿದ್ದೆ. ಮುಚ್ಚಳ ತೆಗೆದರೆ ಮುಷ್ಟಿಯಷ್ಟಿದ್ದ ಒಣಪುಡಿ ಪಾತ್ರೆ ತುಂಬ ಅನ್ನ, ತರಕಾರಿ, ಬಣ್ಣ, ಹಬೆ. ನಾನು ಜೀವಮಾನದಲ್ಲಿ ದೊಡ್ಡ ದೊಡ್ಡ ಊಟ ಮಾಡಿದ್ದೇನೆ. ಅದರಷ್ಟು ರುಚಿ ಎಲ್ಲೂ ಸಿಗಲಿಲ್ಲ ಎಂದು ಈ ವಯಸ್ಸಿನಲ್ಲಿ ಸಂಕೋಚವಿಲ್ಲದೆ ಹೇಳುತ್ತೇನೆ.

ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ತಕ್ಕಡಿ ರಿಪೇರಿಯವನಿಗೆ ಬೆನ್ನುಚೀಲ ಕೊಟ್ಟರೆ ಇನ್ನೇನಾಗುತ್ತದೆ? ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದೆ, ಮೂವರಿಗೆ ಒಂದೇ ಚಮಚ ಎಂದೆ, ಅಮ್ಮನ ಸ್ವೆಟರಿನ ದೊಡ್ಡ ಗುಂಡಿಗಳನ್ನು ಬಿಚ್ಚಿ ಚಿಕ್ಕವನ್ನು ಹಾಕು ಎಂದು ಬೈಸಿಕೊಂಡೆ. ಪ್ರತಿ ಪೊಟ್ಟಣಕ್ಕೂ ಇಷ್ಟೇ ಗ್ರಾಂ. ಗ್ಯಾಸನ್ನೂ ಊಟಕ್ಕೆ ಇಷ್ಟೆಂದು ಲೆಕ್ಕ ಹಾಕಿ ಒಂದೇ ಡಬ್ಬಿ, ಹೆಚ್ಚಿಗೆ ಒಂದು ಹೊತ್ತಿಗೂ ಇಲ್ಲ. "ನಿಮ್ಮಪ್ಪ ನನ್ನನ್ನೂ ಒಣಗಿಸಿ ಪೊಟ್ಟಣ ಕಟ್ಟಿಯಾರು" ಎಂದು ಅಮ್ಮ ನಿನಗೆ ಹೇಳುತ್ತಿದ್ದಳು. ನನಗೆ ಅದು ಹೊಗಳಿಕೆಯ ಹಾಗೇ ಕೇಳಿಸುತ್ತಿತ್ತು.

ಇನ್ನು ಆ ವರ್ಷ. ನೀನು ಅದರ ಬಗ್ಗೆ ಮಾತೆತ್ತುವುದಿಲ್ಲ, ಆದರೂ ಬರೆಯದೆ ವಿಧಿಯಿಲ್ಲ. ನಿನಗೆ ಹದಿನೈದು. ಅಮ್ಮನ ಹೊಲಿಗೆ ಕೋಣೆಯ ಕ್ಯಾಲೆಂಡರಿನಲ್ಲಿ ಆ ಸರೋವರದ ಚಿತ್ರ ಬಂದು, ತಿಂಗಳು ಮುಗಿದರೂ ಹಾಳೆ ತಿರುಗಿಸದೆ ಇಟ್ಟುಕೊಂಡಿದ್ದಳು. ಆ ಸಲ ಅಲ್ಲಿಗೇ ಎಂದು ನಿರ್ಧಾರವಾಯಿತು. ಅವಳ ಕೈಯಲ್ಲಿ ಮದುವೆ ಬಟ್ಟೆಗಳ ರಾಶಿ ಇತ್ತು, ಆದ್ದರಿಂದ ಕೆಂಪು ರಾಜ್ಮಾ ಕಾಳಿನ ಊಟ ಪೂರ್ತಿ ನಿನ್ನ ಜವಾಬ್ದಾರಿ. ಕಾಳನ್ನು ನೆನೆಸಿ, ಮೆತ್ತಗೆ ಬೇಯಿಸಿ, ಆಮೇಲೆ ಒಣಗಿಸಬೇಕು, ಹಾಗಾದರೆ ಮಾತ್ರ ಬೆಟ್ಟದಲ್ಲಿ ಹತ್ತು ನಿಮಿಷಕ್ಕೆ ಅರಳುತ್ತದೆ ಎಂದು ಅವಳು ನಿನಗೆ ಹೇಳಿಕೊಟ್ಟಳು. ಎರಡನೇ ದಿನ, ಕಣಿವೆಯ ಈಚೆ ಬದಿಯಲ್ಲಿ, ಕೊರೆಯುವ ಗಾಳಿಯಲ್ಲಿ ಆ ಪೊಟ್ಟಣ ಬಿಚ್ಚಿದೆವು. ಹತ್ತು ನಿಮಿಷ ಹೋಯಿತು, ಅರ್ಧ ಗಂಟೆ ಹೋಯಿತು. ಇನ್ನೇನು ಬೆಂದೀತು ಎಂದು ಅಮ್ಮ ಒಲೆ ಉರಿಸುತ್ತಲೇ ಇದ್ದಳು. ಕಾಳು ಕಲ್ಲಿನ ಹಾಗೇ ಇತ್ತು. ಗ್ಯಾಸು ಮುಗಿದು ಜ್ವಾಲೆ ಸಣ್ಣಗಾಗಿ ಆರಿತು. ಉಳಿದ ಊಟವೆಲ್ಲ ಒಣಪುಡಿ, ಬಿಸಿನೀರಿಲ್ಲದೆ ಯಾವುದೂ ಆಗುವಂತಿರಲಿಲ್ಲ. ಸರೋವರ ಇನ್ನೂ ಅರ್ಧ ದಿನದ ದಾರಿ. ಮರುದಿನ ವಾಪಸ್ಸು ಇಳಿದೆವು.

"ನೀನು ಇದನ್ನ ಬೇಯಿಸೇ ಇಲ್ಲ" ಎಂದಳು ಅಮ್ಮ. "ಬೇಯಿಸಿದ್ದೆ ಅಮ್ಮ, ಆಣೆಗೂ ಬೇಯಿಸಿದ್ದೆ" ಎಂದೆ ನೀನು. ಅವಳು ಒಂದು ಕಾಳನ್ನು ನಿನ್ನ ಅಂಗೈಗೆ ಹಾಕಿ, "ಕಣ್ಣೆದುರಿಗೇ ಇದೆ, ಇನ್ನೂ ಸುಳ್ಳು ಹೇಳ್ತೀಯಾ?" ಎಂದಳು. ನೀನು ನನ್ನ ಕಡೆ ನೋಡಿದೆ. ನಾನು, "ಹೋಗ್ಲಿ ಬಿಡೇ, ಮಕ್ಕಳು ಮರೀತಾರೆ" ಎಂದೆ. ನನ್ನ ತಾಳ್ಮೆಯನ್ನು ಆಮೇಲೆ ನಿನ್ನ ಸೋದರಮಾವ ಎಲ್ಲರ ಮುಂದೆ ಹೊಗಳಿದರು. ಮುಂದಿನ ವರ್ಷ ಅಮ್ಮನ ಮಂಡಿ ಕೈಕೊಟ್ಟಿತು. ನೀನಂತೂ ಆ ವರ್ಷದಿಂದ ನಮ್ಮ ಜೊತೆ ಒಂದು ಗುಡ್ಡವನ್ನೂ ಹತ್ತಲಿಲ್ಲ.

ಅವತ್ತು ನಿನಗೆ ಬಿದ್ದ ಅಡ್ಡಹೆಸರು ಮಾತ್ರ ಮನೆಯಲ್ಲಿ ಉಳಿಯಿತು. ಗಟ್ಟಿಕಾಳು. "ಗಟ್ಟಿಕಾಳು ಎದ್ದನಾ? ಗಟ್ಟಿಕಾಳು ಪಾಸಾದನಾ?" ಮೊದಮೊದಲು ನೀನೂ ನಗುತ್ತಿದ್ದೆ. ಮೊದಲ ಹಡಗಿಗೆ ಹೊರಡುವ ಮುಂಚಿನ ಊಟದಲ್ಲಿ ನಿನ್ನ ಮಾವ, "ಹಡಗಿನವರಿಗೆ ಯಾರಾದರೂ ಒಂದು ಮಾತು ಹೇಳಿರಪ್ಪ, ಇವನು ಕಾಳು ಬೇಯಿಸೋದು ಮರೀತಾನೆ" ಎಂದಾಗ ನೀನು ತಟ್ಟೆ ಬಿಟ್ಟು ಎದ್ದು ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಎಲ್ಲರೂ ಊರು ಬಿಡುವ ಸಂಕಟ ಎಂದುಕೊಂಡರು. ಈಗಲೂ ರಜೆಗೆ ಬಂದು ಅಡುಗೆ ಮಾಡಿದಾಗ, ಬಡಿಸುವ ಮುಂಚೆ ನೀನು ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ಅಮ್ಮನಿಗೆ ತೋರಿಸುತ್ತೀಯ. ಅಷ್ಟು ಜನರಿಗೆ ಅನ್ನ ಹಾಕುವ ಮೂವತ್ತೇಳು ವರ್ಷದ ಗಂಡಸು. ಅವಳು ಅದನ್ನು ತಮಾಷೆ ಎಂದುಕೊಂಡು ನಗುತ್ತಾಳೆ. ನಾನು ತಟ್ಟೆಯಿಂದ ತಲೆ ಎತ್ತುವುದಿಲ್ಲ.

ಬಾ ಮಗನೇ. ನಿನ್ನ ಚೀಲದಲ್ಲಿ ನಿನ್ನ ಬಟ್ಟೆ ಬಿಟ್ಟು ಬೇರೇನೂ ಹೊರಿಸುವುದಿಲ್ಲ. ಈ ಸಲ ಗ್ಯಾಸಿನ ಡಬ್ಬಿ ಎರಡು, ಮೂವರಿಗೆ ಮೂರು ಚಮಚ, ಎಲ್ಲವನ್ನೂ ನಾನೇ ಹೊರುತ್ತೇನೆ. ಅಮ್ಮ ನಿಧಾನವಾಗಿ ನಡೆಯುತ್ತಾಳೆ, ನಾನು ಅದಕ್ಕಿಂತ ನಿಧಾನ. ನಿನಗೆ ಬೇಜಾರಾಗಬಹುದು, ಸಹಿಸಿಕೋ.

ಕೈ ಜೋಪಾನ. ಸಮುದ್ರ ನಿನ್ನನ್ನು ತೊಟ್ಟಿಲಲ್ಲಿಟ್ಟ ಹಾಗೆ ತೂಗಲಿ, ಹೋದ ದಾರಿಯಲ್ಲೆಲ್ಲ ಒಳ್ಳೆಯವರೇ ಸಿಗಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು. ಮರೆತದ್ದಲ್ಲ, ಸುಳ್ಳು. ಹೇಳಲು ಧೈರ್ಯ ಬಾರದ ಮಾತು. ನಾಲ್ಕು ಗಂಟೆಗೆ ಅಂಚೆಯವರು ಡಬ್ಬಿ ತೆರೆಯುತ್ತಾರೆ, ಅಷ್ಟರಲ್ಲಿ ಬರೆದುಬಿಡುತ್ತೇನೆ. ಆ ವರ್ಷ ಹೊರಡುವ ದಿನ ಬೆಳಿಗ್ಗೆ ನೀವಿಬ್ಬರೂ ಏಳುವ ಮುಂಚೆ ನಾನು ಪೊಟ್ಟಣಗಳನ್ನು ಕೊನೆಯ ಸಲ ತೂಗಿದೆ. ನಿನ್ನ ಕಾಳು ಇನ್ನೂರ ನಲವತ್ತು ಗ್ರಾಂ ಬಂತು. ನನ್ನ ಪಟ್ಟಿಯಲ್ಲಿದ್ದದ್ದು ನೂರ ಎಂಬತ್ತು. ಬಿಚ್ಚಿ ನೋಡಿದೆ, ಚೆನ್ನಾಗಿ ಬೆಂದು ಸಿಪ್ಪೆ ಬಿರಿದಿತ್ತು, ಆದರೆ ಒಳಗೆ ಇನ್ನೂ ಸ್ವಲ್ಪ ತೇವ ಉಳಿದಿತ್ತು. ಭಾರವೂ ಹೌದು, ಹಳಸೀತು ಎಂಬ ಭಯವೂ ಹೌದು. ಅದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ, ಡಬ್ಬದಿಂದ ಹಸಿ ಕಾಳು ನೂರ ಎಂಬತ್ತು ಗ್ರಾಂ ತೂಗಿ ನಿನ್ನ ಪೊಟ್ಟಣಕ್ಕೇ ತುಂಬಿದೆ. ಒಣಗಿದ್ದೆಲ್ಲ ಒಂದೇ, ಐದು ನಿಮಿಷ ಹೆಚ್ಚು ಬೆಂದರೆ ಆಯಿತು ಎಂದುಕೊಂಡೆ. ಒಂದು ದಿನವೂ ಅಡುಗೆ ಮಾಡದವನಿಗೆ ತೂಕ ಮಾತ್ರ ಗೊತ್ತಿತ್ತು. ಬೆಟ್ಟದ ಮೇಲೆ ನೀನು ನನ್ನ ಕಡೆ ನೋಡಿದಾಗ ನನಗೆ ಎಲ್ಲ ಅರ್ಥವಾಗಿತ್ತು. ಆದರೂ ಮಕ್ಕಳು ಮರೀತಾರೆ ಎಂದುಬಿಟ್ಟೆ. ತೂಕದಲ್ಲಿ ತಪ್ಪುವವನಲ್ಲ ಎಂಬ ಹೆಸರು ಹೋದೀತು ಎಂದು ನಿನ್ನ ಹೆಸರನ್ನು ಕೊಟ್ಟೆ. ಇಪ್ಪತ್ತೆರಡು ವರ್ಷ.

ಮಧ್ಯಾಹ್ನ ಊಟವಾದ ಮೇಲೆ ಅಮ್ಮನಿಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. "ಅವನ ಅಂಗೈ ಮೇಲೆ ಕಾಳು ಹಾಕಿ ಕೇಳಿದ್ನಲ್ಲ ನಾನು" ಎಂದು ಒಂದೇ ಮಾತು ಹೇಳಿ ಹೊಲಿಗೆ ಕೋಣೆಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ. ಯಂತ್ರದ ಸದ್ದೂ ಇಲ್ಲ. ನಿನ್ನ ಮಾವನಿಗೆ ನಾಳೆ ನಾನೇ ಹೋಗಿ ಹೇಳುತ್ತೇನೆ. ನೀನು ಬೆಟ್ಟಕ್ಕೆ ಬಾ, ಬಾರದಿರು, ನಿನ್ನ ಇಷ್ಟ. ಕೇಳುವ ಹಕ್ಕು ನನಗಿಲ್ಲ. ಇಷ್ಟು ಮಾತ್ರ ನನ್ನ ಕೈಯಿಂದಲೇ ಬರೆದದ್ದು ನಿನ್ನ ಹತ್ತಿರ ಇರಲಿ: ಅವತ್ತು ನೀನು ಹೇಳಿದ್ದು ನಿಜ.